ಒತ್ತಿದರೆ ತಗ್ಗಲೇಬೇಕೆ?

ನಿಮ್ಮೂರು ರೋಣವಿರಲಿ, ನರಗುಂದವಿರಲಿ, ಗಜೇಂದ್ರಗಡವಿರಲಿ, ಡೊಳ್ಳೊಂದು ಸಿಕ್ಕೀತು. ಅದರ ಚರ್ಮವನ್ನು ಬೆರಳಿನಿಂದ ಒತ್ತಿರಿ. ಒತ್ತಿದಲ್ಲಿ ತಗ್ಗು, ಸುತ್ತಲೂ ಅಂಚಿನವರೆಗೆ ತಗ್ಗು. ಇಲ್ಲಿ ಒತ್ತಿದ್ದಕ್ಕೆ ಅಲ್ಲಿ ಉಬ್ಬಿತೆಂದರೆ ಯಾರೂ ನಂಬರು. ಈ ಮಾತು ಉಕ್ಕಿನ ತಗಡಿಗೂ ಸಲ್ಲುವುದೇ? ಪ್ರಶ್ನೆ ಸಣ್ಣದೆಂದು ತೋರೀತು. ಆದರೆ ದೊಡ್ಡ ದೊಡ್ಡ ಗಣಿತಜ್ಞರ ಊಹೆಯೂ ಇಲ್ಲಿ ಸೋತಿದೆ.

ಮೊದಲು ಚರ್ಮದ ನ್ಯಾಯವನ್ನು ನೋಡೋಣ. ಬಿಗಿದ ಚರ್ಮದಲ್ಲಿ ಪ್ರತಿಯೊಂದು ಬಿಂದುವೂ ತನ್ನ ನೆರೆಹೊರೆಯ ಎತ್ತರಗಳ ಸರಾಸರಿಯಲ್ಲಿ ನಿಲ್ಲುತ್ತದೆ. ಮೇಲೆ ಭಾರ ಬಿದ್ದರೆ ಅದಕ್ಕಿಂತ ಕೆಳಗಿಳಿಯುತ್ತದೆ. ನೆರೆಯವರ ಸರಾಸರಿಯನ್ನು ಮೀರದವನು ಎಲ್ಲರಿಗಿಂತ ಎತ್ತರದವನಾಗಲಾರನಷ್ಟೆ! ಹಾಗೆಯೇ ಒಳಗಿನ ಯಾವ ಬಿಂದುವೂ ಅಂಚನ್ನು ಮೀರಿ ಏಳಲಾರದು.

ತಗಡಿನ ನ್ಯಾಯ ಬೇರೆ. ಅದು ಬಾಗುವುದನ್ನೇ ವಿರೋಧಿಸುತ್ತದೆ. ಅದರ ಲೆಕ್ಕದಲ್ಲಿ ಮೇಲಿನ ಕ್ರಿಯೆಯನ್ನು ಎರಡು ಸಲ ಮಾಡಬೇಕು. ಅದು ನಾಲ್ಕನೆಯ ಕ್ರಮದ ಸಮೀಕರಣ. ಚೌಕ ತಗಡಿನ ಅಂಚು ಏಳದಂತೆ, ಇಳಿಯದಂತೆ ಕೀಲಿನಲ್ಲಿ ಹಿಡಿದು, ವಾಲಲು ಮಾತ್ರ ಬಿಟ್ಟರೆ ಲೆಕ್ಕವು ಎರಡು ಚರ್ಮಗಳ ಲೆಕ್ಕವಾಗಿ ಒಡೆಯುತ್ತದೆ. ಆಗಲೂ ಎಲ್ಲೆಡೆ ತಗ್ಗೇ. ಆದರೆ ಕಮ್ಮಾರನಿಂದ ಚೌಕಟ್ಟು ಮಾಡಿಸಿ ನಾಲ್ಕೂ ಅಂಚುಗಳನ್ನು ವಾಲದಂತೆ ಭದ್ರವಾಗಿ ಕಚ್ಚಿಸಿದಿರೆನ್ನಿ. ಅಂಚಿನಲ್ಲಿ ಎತ್ತರವೂ ಸ್ಥಿರ, ವಾಟವೂ ಸ್ಥಿರ. ಈ ಎರಡು ಕಟ್ಟುಗಳು ಕೂಡಿದಾಗ ಲೆಕ್ಕ ಒಡೆಯದು. ಸರಾಸರಿಯ ವಾದ ನಡೆಯದು.

1905ರಲ್ಲಿ ಇಟಲಿಯ ಬೊಜ್ಜಿಯೊ ಎಂಬವರು, ಕಚ್ಚಿಸಿದ ತಗಡು ದುಂಡಾಗಿದ್ದರೆ ಎಲ್ಲಿ ಒತ್ತಿದರೂ ಎಲ್ಲೆಡೆಯೂ ತಗ್ಗುವುದೆಂದು ಸೂತ್ರದಿಂದಲೇ ತೋರಿಸಿದರು. ಹಳೆಯ ಟೆಲಿಫೋನಿನಲ್ಲಿ ಕಿವಿಗೆ ಹಿಡಿಯುವ ಭಾಗದೊಳಗಿದ್ದ ಕಬ್ಬಿಣದ ಬಿಲ್ಲೆ ಈ ಜಾತಿಯದು. 1908ರಲ್ಲಿ ಫ್ರಾನ್ಸಿನ ಹದಮಾರ್ ಅವರು, ಅಂಚು ಎಲ್ಲಿಯೂ ಒಳಕ್ಕೆ ನೆಗ್ಗದ ಆಕಾರಗಳಿಗೆಲ್ಲ ಇದು ಸಲ್ಲುವುದರಲ್ಲಿ ಸಂಶಯ ಕಾಣದೆಂದು ಬರೆದರು. ಸಾಧನೆ ಮಾತ್ರ ಇರಲಿಲ್ಲ.

ನಾಲ್ವತ್ತೊಂದು ವರ್ಷ ಕಳೆದವು. 1949ರಲ್ಲಿ ಅಮೆರಿಕದ ಡಫಿನ್, ಕೊನೆಯಿಲ್ಲದ ಉದ್ದ ಪಟ್ಟಿಯಲ್ಲಿ ಆ ಊಹೆ ಸುಳ್ಳಾಗುವುದೆಂದು ತೋರಿಸಿದರು. 1951ರಲ್ಲಿ ಗರಾಬೇಡಿಯನ್ ಉದ್ದನೆಯ ಅಂಡಾಕಾರದಲ್ಲಿಯೂ ಅದನ್ನೇ ಕಂಡರು. 1980ರಲ್ಲಿ ಕಾಫ್‌ಮನ್ ಮತ್ತು ಡಫಿನ್ ಸಾಧಿಸಿದ್ದು ಇನ್ನೂ ವಿಚಿತ್ರ: ನಮಗೆ ಅತಿ ಪರಿಚಿತವಾದ ಚೌಕದಲ್ಲಿಯೂ ಒಂದೆಡೆ ಒತ್ತಿದರೆ ಮೂಲೆಯ ಬಳಿ ತಗಡು ಮೇಲೇಳಬಲ್ಲದು! ಏಳುವುದು ಅತ್ಯಲ್ಪ, ಕಣ್ಣಿಗೆ ಕಾಣದಷ್ಟು, ಆದರೆ ಇಲ್ಲವೆನ್ನುವಂತಿಲ್ಲ. ದುಂಡಿಗೆ ತೀರ ಸಮೀಪದ ಆಕಾರಗಳು ಈ ದೋಷದಿಂದ ಪಾರಾಗುತ್ತವೆಂದು 1996ರಲ್ಲಿ ಗ್ರೂನೌ ಮತ್ತು ಸ್ವೀರ್ಸ್ ತೋರಿಸಿದರು.

ಇದರಿಂದ ನಮಗೇನು ಎಂದೀರಿ. ಇಂದು ತಗಡಿನ ಲೆಕ್ಕವನ್ನು ಗಣಕಯಂತ್ರ ಮಾಡಿಕೊಡುತ್ತದೆ. ಉತ್ತರದಲ್ಲಿ ಮೂಲೆ ಕೂದಲೆಳೆಯಷ್ಟು ಎದ್ದಿದ್ದರೆ, 'ಇದೆಲ್ಲಿಯಾದರೂ ಉಂಟೆ?' ಎಂದು ಅಳಿಸಿಬಿಡುವುದು ಸುಲಭ. ತಪ್ಪು ಯಂತ್ರದ್ದಾಗಿರಬಹುದು, ನಮ್ಮ ನಂಬಿಕೆಯದೂ ಆಗಿರಬಹುದು. ನಿಮ್ಮ ಮಗನೋ ಮಗಳೋ ಗಣಿತದ ಪುಸ್ತಕ ಹಿಡಿದು, 'ಇದು ಕಣ್ಣಿಗೇ ಕಾಣುತ್ತದೆ, ಸಾಧನೆಯೇಕೆ?' ಎಂದು ಕೇಳಿದರೆ ಡೊಳ್ಳನ್ನೂ ಚೌಕ ತಗಡನ್ನೂ ನೆನಪಿಸಿರಿ. ಎರಡೂ ಕಣ್ಣಿಗೆ ಒಂದೇ. ಸಾಧನೆ ಮಾತ್ರ ಅವನ್ನು ಬೇರೆ ಮಾಡಿತು.