ಯಾದಗಿರಿ ಜಿಲ್ಲೆ: ನೆಲ, ನೀರು ಮತ್ತು ಜನ

ಒಂದು ಪ್ರದೇಶದ ಜನಸಂಖ್ಯೆಯ ಅಂಕಿಗಳನ್ನು ಅಲ್ಲಿನ ನೆಲದ ಗುಣದಿಂದ ಬೇರ್ಪಡಿಸಿ ನೋಡಿದರೆ ಅವುಗಳ ಅರ್ಥ ನಮಗೆ ಪೂರ್ಣವಾಗಿ ತಿಳಿಯಲಾರದು. ಯಾದಗಿರಿ ಜಿಲ್ಲೆಯ ವಿಷಯದಲ್ಲಿ ಈ ಮಾತು ವಿಶೇಷವಾಗಿ ಸಲ್ಲುತ್ತದೆ.

ಅಂದಿನ ಗುಲಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು, 2009ರ ಡಿಸೆಂಬರಿನಲ್ಲಿ ರಾಜ್ಯದ 30ನೆಯ ಜಿಲ್ಲೆಯಾಗಿ ಇದು ಘೋಷಿತವಾಯಿತು. ಉತ್ತರಕ್ಕೆ ಕಲಬುರಗಿ, ಪಶ್ಚಿಮಕ್ಕೆ ವಿಜಯಪುರ, ದಕ್ಷಿಣಕ್ಕೆ ರಾಯಚೂರು ಜಿಲ್ಲೆಗಳೂ ಪೂರ್ವಕ್ಕೆ ತೆಲಂಗಾಣ ರಾಜ್ಯವೂ ಇದರ ಎಲ್ಲೆಗಳು. ಆರಂಭದಲ್ಲಿ ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರೇ ತಾಲ್ಲೂಕುಗಳಿದ್ದವು. ಅನಂತರ ಗುರುಮಠಕಲ್, ವಡಗೇರಾ, ಹುಣಸಗಿ ತಾಲ್ಲೂಕುಗಳು ರಚನೆಗೊಂಡವು. ಈ ನಾಡು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದು, 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯದಲ್ಲಿ ಒಂದಾಯಿತು.

ಕೃಷ್ಣೆಯು ಜಿಲ್ಲೆಯ ದಕ್ಷಿಣದ ಅಂಚಿನಲ್ಲಿ ಹರಿಯುತ್ತಾಳೆ. ಉತ್ತರದಿಂದ ಇಳಿದು ಬರುವ ಭೀಮೆಯು ಯಾದಗಿರಿ ಪಟ್ಟಣದ ಸಮೀಪದಲ್ಲಿ ಹಾದು, ರಾಯಚೂರಿನ ಗಡಿಯಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ. ಎರಡು ಮಹಾನದಿಗಳಿದ್ದರೂ ಎಲ್ಲ ಹೊಲಗಳಿಗೂ ನೀರಿಲ್ಲ. 1982ರಲ್ಲಿ ಪೂರ್ಣಗೊಂಡ ನಾರಾಯಣಪುರದ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆಯು ಸುರಪುರ, ಶಹಾಪುರ ಭಾಗಗಳಿಗೆ ನೀರುಣಿಸಿ, ಜೋಳದ ನಾಡಿನಲ್ಲಿ ಭತ್ತದ ಗದ್ದೆಗಳನ್ನು ಮೂಡಿಸಿತು. ಭೀಮೆಯ ಪೂರ್ವದ ಗುರುಮಠಕಲ್ ಸೀಮೆಯಾದರೋ ಬಹುಮಟ್ಟಿಗೆ ಮಳೆಯನ್ನೂ ಕೆರೆಬಾವಿಗಳನ್ನೂ ನಂಬಿಕೊಂಡಿದೆ.

ಮಣ್ಣಿನಲ್ಲಿಯೂ ಇಂತಹುದೇ ಭೇದವಿದೆ. ಎರೆಭೂಮಿಯು ತೇವವನ್ನು ಹಿಡಿದಿಟ್ಟುಕೊಳ್ಳುವುದರಿಂದ ಮುಂಗಾರು ಮುಗಿದ ಮೇಲೂ ಹಿಂಗಾರಿ ಜೋಳವನ್ನು ಕೊಡಬಲ್ಲದು. ಮಸಾರಿ ಭೂಮಿ ಬೇಗನೆ ಒಣಗುತ್ತದೆ. ನೀರಾವರಿಯಿಲ್ಲದ ಮಸಾರಿಯ ರೈತನಿಗೂ ಕೂಲಿಕಾರನಿಗೂ ಮುಂಗಾರಿ ಪೈರು ಮನೆ ಸೇರಿದ ಬಳಿಕ ಊರಿನಲ್ಲಿ ಕೆಲಸ ವಿರಳ. ಆಗ ಎಷ್ಟೋ ಕುಟುಂಬಗಳು ಬೆಂಗಳೂರು, ಹೈದರಾಬಾದ್, ಪುಣೆ, ಮುಂಬಯಿಗಳತ್ತ ಗುಳೆ ಹೊರಡುತ್ತವೆ.

ಇನ್ನು ಜನಸಂಖ್ಯೆಯನ್ನು ನೋಡೋಣ. 2021ರಲ್ಲಿ ನಡೆಯಬೇಕಿದ್ದ ಗಣತಿ ನಡೆಯದಿದ್ದುದರಿಂದ 2011ರ ಅಂಕಿಗಳನ್ನೇ ಆಧರಿಸಬೇಕಾಗಿದೆ. ಅಂದು ಇಲ್ಲಿದ್ದವರು 11,74,271 ಜನ. 2001ರಿಂದ ಹತ್ತು ವರ್ಷಗಳಲ್ಲಿ ಶೇಕಡಾ 22.8ರಷ್ಟು ಏರಿಕೆಯಾಗಿತ್ತು, ಇಡೀ ರಾಜ್ಯದ ಏರಿಕೆ ಶೇಕಡಾ 15.6 ಮಾತ್ರ. ಆದರೂ ಚದರ ಕಿಲೋಮೀಟರಿಗೆ ಇಲ್ಲಿ 224 ಜನರಿದ್ದರೆ, ರಾಜ್ಯದ ಸರಾಸರಿ 319. ನೂರರಲ್ಲಿ ಸುಮಾರು 81 ಜನ ಹಳ್ಳಿಗಳಲ್ಲಿ ವಾಸಿಸುವವರು. ಪರಿಶಿಷ್ಟ ಜಾತಿ ಮತ್ತು ಪಂಗಡಗಳವರು ಕೂಡಿ ಒಟ್ಟು ಜನಸಂಖ್ಯೆಯ ಮೂರನೆಯ ಒಂದು ಪಾಲಿಗಿಂತ ಅಧಿಕ.

ವಿದ್ಯಾಭಿಮಾನಿಗಳು ವಿಶೇಷವಾಗಿ ಲಕ್ಷ್ಯ ಕೊಡಬೇಕಾದುದು ಸಾಕ್ಷರತೆಯ ಅಂಕಿಗೆ. ಏಳು ವರ್ಷಕ್ಕೆ ಮೇಲ್ಪಟ್ಟವರಲ್ಲಿ ಓದುಬರಹ ಬಲ್ಲವರು ಶೇಕಡಾ 51.8, ಇದು ರಾಜ್ಯದ ಎಲ್ಲ ಜಿಲ್ಲೆಗಳಲ್ಲಿಯೇ ಅತಿ ಕಡಿಮೆ. ಪುರುಷರಲ್ಲಿ ಶೇಕಡಾ 62ರಷ್ಟಿದ್ದರೆ, ಸ್ತ್ರೀಯರಲ್ಲಿ ಶೇಕಡಾ 41 ಮಾತ್ರ. ಈ ಸ್ಥಿತಿಗೆ ಕಾರಣಗಳು ಹಲವು. ಅವುಗಳಲ್ಲೊಂದು ಮೇಲೆ ಹೇಳಿದ ನೆಲದ ಗುಣವೇ ಆಗಿದೆ. ಶಾಲೆಯ ವರ್ಷ ಜೂನ್ ತಿಂಗಳ ಸುಮಾರಿಗೆ ಆರಂಭವಾಗಿ ಬೇಸಗೆಯವರೆಗೆ ಸಾಗುತ್ತದೆ. ಗುಳೆಯ ಕಾಲ ಅದರ ನಡುವೆಯೇ ಬರುತ್ತದೆ. ತಂದೆತಾಯಿಗಳೊಡನೆ ಹೊರಟ ಮಗುವಿನ ಹೆಸರು ಹಾಜರಿ ಪುಸ್ತಕದಲ್ಲಿ ಉಳಿಯಬಹುದು, ಪಾಠ ಮಾತ್ರ ಅರ್ಧಕ್ಕೆ ನಿಲ್ಲುತ್ತದೆ. ಊರಿನಲ್ಲಿಯೇ ಉಳಿದರೂ ಕಿರಿಯರನ್ನು ನೋಡಿಕೊಳ್ಳುವ ಹೊಣೆ ಹೆಚ್ಚಾಗಿ ಹಿರಿಯ ಮಗಳ ಪಾಲಿಗೆ ಬರುತ್ತದೆ.

2012ರಲ್ಲಿ ಸಂವಿಧಾನಕ್ಕೆ ಮಾಡಿದ 98ನೆಯ ತಿದ್ದುಪಡಿಯ ಮೂಲಕ ಈ ಭಾಗಕ್ಕೆ 371ಜೆ ವಿಧಿಯ ವಿಶೇಷ ಸೌಲಭ್ಯಗಳು ದೊರೆತಿವೆ. ಶಿಕ್ಷಣ ಮತ್ತು ಉದ್ಯೋಗಗಳಲ್ಲಿನ ಈ ಮೀಸಲಾತಿಯ ಫಲವನ್ನು ಪಡೆಯಬೇಕಾದರೆ ಮಗು ಮೊದಲು ಮೇಲಿನ ತರಗತಿಗಳನ್ನು ಮುಟ್ಟಬೇಕು. ಆದುದರಿಂದ ಇಂತಹ ಸೀಮೆಯಲ್ಲಿ ಶಾಲೆಯ ಕೊಠಡಿಯಷ್ಟೇ ಅಗತ್ಯವಾದುದು ಗುಳೆಯ ತಿಂಗಳುಗಳಲ್ಲಿ ಮಕ್ಕಳು, ಅದರಲ್ಲಿಯೂ ಹೆಣ್ಣುಮಕ್ಕಳು, ಊರಿನಲ್ಲಿಯೇ ಉಳಿದು ಓದಲು ಒಂದು ವಸತಿ, ಎರಡು ಹೊತ್ತಿನ ಊಟ. ಅಧ್ಯಾಪಕರೂ ದಾನಿಗಳೂ ಈ ನೆಲದ ಲೆಕ್ಕವನ್ನು ಮನದಲ್ಲಿಟ್ಟುಕೊಂಡು ಯೋಜಿಸಿದಲ್ಲಿ ಅವರ ಶ್ರಮವೂ ದಾನವೂ ಸಾರ್ಥಕವಾಗುವುದರಲ್ಲಿ ಸಂದೇಹವಿಲ್ಲ.