ಪಾವ್ (ಪದ)

ಪಾವ್ ಎಂಬುದು ಹುದುಗು ಬರಿಸಿದ ಗೋಧಿ ಹಿಟ್ಟಿನಿಂದ ಬೇಯಿಸಿದ ಸಣ್ಣ ಬ್ರೆಡ್ಡಿಗೆ ಕೊಂಕಣಿ, ಮರಾಠಿ ಹಾಗೂ ಕನ್ನಡದಲ್ಲಿರುವ ಹೆಸರು. ಇದು ಪೋರ್ಚುಗೀಸ್ ಭಾಷೆಯಿಂದ ಬಂದ ಪದವಾಗಿದ್ದು, ಫ್ರೆಂಚ್ ಭಾಷೆಯಲ್ಲಿ ಬ್ರೆಡ್ಡಿಗಿರುವ 'ಪ್ಯಾಂ' ಎಂಬ ಪದಕ್ಕೂ ಇದಕ್ಕೂ ಮೂಲ ಒಂದೇ.

ಪದದ ಮೂಲ

ಲ್ಯಾಟಿನ್ ಭಾಷೆಯಲ್ಲಿ ಬ್ರೆಡ್ಡಿಗೆ 'ಪಾನಿಸ್' ಎನ್ನುತ್ತಾರೆ. ಇದರಿಂದ ಇಟಾಲಿಯನ್ನಿನ 'ಪಾನೆ', ಸ್ಪ್ಯಾನಿಶಿನ 'ಪಾನ್', ಫ್ರೆಂಚಿನ 'ಪ್ಯಾಂ' ಮತ್ತು ಪೋರ್ಚುಗೀಸಿನ 'ಪಾಂವ್' ಹುಟ್ಟಿದವು. ಕೊನೆಯ ಎರಡು ಭಾಷೆಗಳಲ್ಲಿ ನಕಾರವು ಲೋಪವಾಗಿ ಸ್ವರವು ಅನುನಾಸಿಕವಾಯಿತು. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ವಶಪಡಿಸಿಕೊಂಡ ನಂತರ ಈ ಪದವು ಕೊಂಕಣಿಗೆ ಬಂದಿತು. ಜಪಾನಿ ಭಾಷೆಯ 'ಪಾನ್' ಕೂಡ ಪೋರ್ಚುಗೀಸರಿಂದಲೇ ಬಂದದ್ದು.

ತಪ್ಪು ನಿಷ್ಪತ್ತಿ

ಕನ್ನಡದಲ್ಲಿ ಸೇರಿನ ನಾಲ್ಕನೆಯ ಒಂದು ಭಾಗಕ್ಕೆ 'ಪಾವು' ಎಂದೂ, ಉತ್ತರ ಕರ್ನಾಟಕದ ಸಂತೆಗಳಲ್ಲಿ 250 ಗ್ರಾಂಗೆ 'ಪಾವ್ ಕಿಲೋ' ಎಂದೂ ಹೇಳುವುದುಂಟು. ಕಾಲುಭಾಗ ಎಂಬ ಅರ್ಥದ ಈ ಪದದ ಮೂಲ ಸಂಸ್ಕೃತದ 'ಪಾದ'. ನಾಲ್ಕು ತುಂಡುಗಳು ಅಂಟಿಕೊಂಡಿರುವುದರಿಂದ ಬ್ರೆಡ್ಡಿಗೆ ಈ ಹೆಸರು ಬಂದಿತೆಂಬ ವಿವರಣೆಯೂ, ಹಿಟ್ಟನ್ನು ಕಾಲಿನಿಂದ ತುಳಿದು ನಾದುತ್ತಿದ್ದರೆಂಬ ವಿವರಣೆಯೂ ಪ್ರಚಲಿತವಾಗಿವೆ. ಇವು ಉಚ್ಚಾರಣೆಯ ಹೋಲಿಕೆಯಿಂದ ಹುಟ್ಟಿದ ಜನಪದ ನಿಷ್ಪತ್ತಿಗಳು. ಎರಡು ಪದಗಳ ನಡುವೆ ಸಂಬಂಧವಿಲ್ಲ.

ಉತ್ತರ ಕನ್ನಡದಲ್ಲಿ

ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕು ಗೋವೆಯ ಗಡಿಗೆ ಹೊಂದಿಕೊಂಡಿದೆ. ಜೋಯಿಡಾ, ಹಳಿಯಾಳ ಮತ್ತು ದಾಂಡೇಲಿಗಳಲ್ಲಿ ಕನ್ನಡದೊಂದಿಗೆ ಕೊಂಕಣಿ, ಮರಾಠಿಗಳೂ ಬಳಕೆಯಲ್ಲಿವೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ತರಲ್ಪಟ್ಟು, ತಪ್ಪಿಸಿಕೊಂಡು ಈ ಕಾಡುಗಳನ್ನು ಸೇರಿದವರ ವಂಶಜರು ಇಲ್ಲಿನ ಸಿದ್ದಿ ಸಮುದಾಯದಲ್ಲಿದ್ದಾರೆ. ಅವರ ಮನೆಮಾತು ಕೊಂಕಣಿಯ ಒಂದು ರೂಪ. ಹೀಗೆ ಈ ಪ್ರದೇಶದಲ್ಲಿ ಬ್ರೆಡ್ಡಿನ ಪಾವ್ ಮತ್ತು ಅಳತೆಯ ಪಾವ್ ಎರಡೂ ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಸಂದರ್ಭದಿಂದ ಮಾತ್ರ ಅರ್ಥ ಸ್ಪಷ್ಟವಾಗುತ್ತದೆ. ಮುಂಡಗೋಡದಲ್ಲಿ 1966ರಲ್ಲಿ ಆರಂಭವಾದ ಟಿಬೆಟನ್ ವಸತಿಯ ನಿವಾಸಿಗಳು ತಮ್ಮ ರೊಟ್ಟಿಗೆ 'ಬಾಲೆಪ್' ಎನ್ನುತ್ತಾರೆ. ಇದು ಟಿಬೆಟನ್ ಭಾಷೆಯದೇ ಪದವಾಗಿದ್ದು, ಲ್ಯಾಟಿನ್ ಮೂಲಕ್ಕೆ ಸೇರಿದುದಲ್ಲ.

ಸಂಬಂಧಿತ ಪದಗಳು

ಕನ್ನಡದಲ್ಲಿ ರೂಢಿಯಲ್ಲಿರುವ 'ಕಂಪನಿ' ಎಂಬ ಪದವೂ 'ಪಾನಿಸ್' ಮೂಲದ್ದೇ. ಒಟ್ಟಿಗೆ ಬ್ರೆಡ್ ಉಣ್ಣುವವನು, ಅಂದರೆ ಸಂಗಾತಿ, ಎಂಬ ಅರ್ಥದ ಲ್ಯಾಟಿನ್ ಪದದಿಂದ ಇದು ಹಳೆಯ ಫ್ರೆಂಚ್ ಹಾಗೂ ಇಂಗ್ಲಿಷ್ ಮೂಲಕ ಕನ್ನಡಕ್ಕೆ ಬಂದಿದೆ. ಗೆಳೆಯ ಎಂಬ ಅರ್ಥದ ಫ್ರೆಂಚ್ ಪದ 'ಕೊಪ್ಯಾಂ' ಇದೇ ಗುಂಪಿನದು.