ಹಿಂದಿನ ರಾತ್ರಿಯ ಅಕೌಂಟೆನ್ಸಿ

ದ್ವಿತೀಯ ಪಿಯುಸಿ ಅಕೌಂಟೆನ್ಸಿಯ 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಆ 80 ಅಂಕಕ್ಕೆ ನಮ್ಮಲ್ಲಿ ಅನೇಕರು ಪುಸ್ತಕ ತೆರೆಯುವುದೇ ಹಿಂದಿನ ರಾತ್ರಿ. ಇದು ತಪ್ಪು ಎಂದು ಉಪನ್ಯಾಸಕರು ವರ್ಷವಿಡೀ ಹೇಳಿದ್ದಾರೆ, ನಾನು ಮತ್ತೆ ಹೇಳುವುದಿಲ್ಲ. ಉಳಿದಿರುವ ಒಂದು ರಾತ್ರಿಯನ್ನು ಹೇಗೆ ಬಳಸಬೇಕು ಎಂಬುದಷ್ಟೇ ಈ ಲೇಖನ.

ಮಧ್ಯವಾರ್ಷಿಕ ಪರೀಕ್ಷೆಗೆ ಮುಂಚೆ ನಾನು ರಾತ್ರಿ ಎರಡರವರೆಗೆ ಬಿಡಿಸಿದ ಲೆಕ್ಕಗಳನ್ನೇ ಓದಿದೆ. ಎಲ್ಲವೂ ಅರ್ಥವಾದಂತಿತ್ತು. ಬೆಳಿಗ್ಗೆ ಪಾಲುದಾರರ ಸೇರ್ಪಡೆಯ ಲೆಕ್ಕಕ್ಕೆ ಗೆರೆ ಎಳೆದು ಕುಳಿತೆ, ಮೊದಲ ನಮೂದೇ ಹೊಳೆಯಲಿಲ್ಲ. ಓದುವಾಗ ಮುಂದಿನ ಸಾಲು ಕಣ್ಣೆದುರೇ ಇರುವುದರಿಂದ ನಮಗೆ ಗೊತ್ತಿದೆ ಎನಿಸುತ್ತದೆ. ಪರೀಕ್ಷೆಯಲ್ಲಿ ಆ ಸಾಲು ಇರುವುದಿಲ್ಲ.

ಆ ಸಂಜೆ ಅದೇ ಲೆಕ್ಕವನ್ನು ಅಮ್ಮಿಗೆ ಉರ್ದುವಿನಲ್ಲಿ ವಿವರಿಸಲು ಕುಳಿತೆ. ನಮ್ಮ ರಾಮನಗರದ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಕೊಂಡು ನೂಲು ತೆಗೆಯುವ ಇಬ್ಬರು ಪಾಲುದಾರರು, ಕರೀಂ ಮತ್ತು ರಾಜು ಎಂದುಕೊಳ್ಳಿ. ಲಾಭದ ಹಂಚಿಕೆ 3:2. ಸಲೀಂ 1/5 ಪಾಲಿಗೆ ಸೇರುತ್ತಾನೆ. ಬಂಡವಾಳದ ಜೊತೆಗೆ ಗುಡ್‌ವಿಲ್ ಎಂದು 50,000 ರೂಪಾಯಿ ತರುತ್ತಾನೆ. ಉಳಿದ 4/5 ಭಾಗವನ್ನು ಹಳಬರು 3:2ರಲ್ಲೇ ಹಂಚಿಕೊಂಡರೆ ಹೊಸ ಅನುಪಾತ 12:8:5. ಕರೀಂ ಬಿಟ್ಟುಕೊಟ್ಟದ್ದು 3/25, ರಾಜು 2/25. ಹಾಗಾಗಿ 50,000ದಲ್ಲಿ ಕರೀಂಗೆ 30,000, ರಾಜುಗೆ 20,000.

“ದುಡ್ಡು ತಂದವನು ಅವನು. ಇವರಿಗೆ ಯಾಕೆ?” ಎಂದರು ಅಮ್ಮಿ.

ನನ್ನ ಬಳಿ ಸೂತ್ರವಿತ್ತು, ಉತ್ತರವಿರಲಿಲ್ಲ. ಪುಸ್ತಕ ತೆರೆದು ಹುಡುಕಿದೆ. ವ್ಯಾಪಾರಕ್ಕೆ ಹೆಸರು ತಂದವರು ಹಳಬರು. ಇನ್ನು ಮುಂದೆ ಅವರ ಲಾಭದ ಒಂದು ಭಾಗ ಸಲೀಂಗೆ ಹೋಗುತ್ತದೆ. ಯಾರು ಎಷ್ಟು ಬಿಟ್ಟರೋ ಅವರಿಗೆ ಅಷ್ಟು ಪರಿಹಾರ. ತ್ಯಾಗದ ಅನುಪಾತ ಎಂದರೆ ಇಷ್ಟೇ.

ಈಗ ಯಂತ್ರದ ಬೆಲೆ 10,000 ಏರಿತು ಎನ್ನಿ. ಆ ಲಾಭ ಹಳೆಯ ಅನುಪಾತದಲ್ಲಿ 6,000 ಮತ್ತು 4,000. ಸಲೀಂಗೆ ಏನೂ ಇಲ್ಲ, ಏಕೆಂದರೆ ಅದು ಅವನು ಬರುವ ಮೊದಲಿನದು.

ಎರಡು ಕಡೆಯೂ 3:2 ಬಂದದ್ದರಿಂದ ಎರಡೂ ಒಂದೇ ನಿಯಮ ಎಂದುಕೊಳ್ಳಬೇಡಿ. ಸಲೀಂ ತನ್ನ 1/5 ಪಾಲನ್ನು ಕರೀಂನಿಂದ ಮಾತ್ರ ಪಡೆದರೆ ಹೊಸ ಅನುಪಾತ 2:2:1. ಗುಡ್‌ವಿಲ್‌ನ 50,000 ಪೂರ್ತಿ ಕರೀಂಗೇ. ಯಂತ್ರದ ಲಾಭ ಮಾತ್ರ ಆಗಲೂ 3:2. ಬಾಯಿಪಾಠ ಮಾಡಿದವರು ಎಡವುವುದು ಇಲ್ಲಿಯೇ.

ಹಾಗಾಗಿ ಆ ರಾತ್ರಿ ಹೀಗೆ ಮಾಡಿ. ಪರೀಕ್ಷಾ ಮಂಡಳಿಯ ಮಾದರಿ ಪ್ರಶ್ನೆಪತ್ರಿಕೆ ಎದುರಿಗಿಟ್ಟು, ಅರ್ಧಂಬರ್ಧ ಬರುವ ಎರಡು ಅಧ್ಯಾಯಗಳನ್ನು ಆರಿಸಿ. ಪೂರ್ತಿ ಗೊತ್ತಿಲ್ಲದ ಅಧ್ಯಾಯಕ್ಕೆ ಈಗ ಕೈ ಹಾಕಬೇಡಿ. ಪುಸ್ತಕ ಮುಚ್ಚಿ ಲೆಕ್ಕ ಬಿಡಿಸಿ, ತಾಳೆ ನೋಡಿ, ತಪ್ಪಿದ ನಮೂದಿನ ಪಕ್ಕದಲ್ಲಿ “ಯಾಕೆ?” ಎಂದು ಬರೆದು ಉತ್ತರ ಹುಡುಕಿ, ಮತ್ತೆ ಮೊದಲಿನಿಂದ ಮಾಡಿ. ಮನೆಯಲ್ಲಿ ಯಾರಿಗಾದರೂ ಮನೆಮಾತಿನಲ್ಲೇ ಹೇಳಿ. ಹನ್ನೊಂದಕ್ಕೆ ಮಲಗಿ. ನಿದ್ದೆಗೆಟ್ಟು ಕೂಡಿದ ಲೆಕ್ಕ ಸರಿ ಬರುವುದಿಲ್ಲ. ಬೆಳಿಗ್ಗೆ ಖಾತೆಗಳ ನಮೂನೆ, ಅನುಪಾತಗಳ ಸೂತ್ರ ಮಾತ್ರ ನೋಡಿ.

“ಪರೀಕ್ಷೆ-2 ಇದೆಯಲ್ಲ” ಎನ್ನುವ ಗೆಳೆಯರೂ ಇದ್ದಾರೆ. 2024ರಿಂದ ಆ ಅವಕಾಶ ಇರುವುದು ನಿಜ. ಆದರೆ ಅಲ್ಲಿಯೂ ಸಲೀಂ ಪಾಲಿಗೆ ಬಂದೇ ಬರುತ್ತಾನೆ.